ಪೆಟ್ಟಿಗೆ ಬೇಡ, ಬಿಡಿಭಾಗ ಕೊಳ್ಳೋಣ

ಈ ವರ್ಷ ನಮ್ಮ ಕಾಲೇಜಿನಿಂದ ರೊಬೊಟಿಕ್ಸ್ ಸ್ಪರ್ಧೆಗೆ ಒಂದು ತಂಡ ಹೋಗಬೇಕು ಎಂಬ ಮಾತು ಸ್ಟಾಫ್ ರೂಮಿನಿಂದ ಕ್ಯಾಂಟೀನಿನವರೆಗೆ ಎಲ್ಲ ಕಡೆ ಕೇಳಿಬರುತ್ತಿದೆ. ಆಡಳಿತ ಮಂಡಳಿಯವರು ಸ್ವಲ್ಪ ಹಣ ಕೊಡಲು ಒಪ್ಪಿದ್ದಾರೆ. ಆ ಹಣದಲ್ಲಿ ಏನು ಕೊಳ್ಳಬೇಕು ಎಂಬುದೊಂದು ಮಾತ್ರ ತೀರ್ಮಾನವಾಗಬೇಕು. ಬಹುತೇಕ ಗೆಳೆಯರ ಮನಸ್ಸು ಬಣ್ಣದ ಪೆಟ್ಟಿಗೆಯಲ್ಲಿ ಬರುವ ದೊಡ್ಡ ಕಂಪನಿಯ ಸ್ಟಾರ್ಟರ್ ಕಿಟ್ ಕಡೆಗಿದೆ. ನನ್ನ ಅಭಿಪ್ರಾಯ ಬೇರೆ. ಮೊದಲ ವರ್ಷ ಪೆಟ್ಟಿಗೆ ಬೇಡ, ಬಿಡಿಭಾಗಗಳನ್ನೇ ಕೊಂಡು ಮೂರು ಸಣ್ಣ ಸೆಟ್ ಮಾಡಿಕೊಳ್ಳೋಣ.

"ಕಾಮರ್ಸ್‌ನವರಿಗೆ ರೋಬೊ ಉಸಾಬರಿ ಯಾಕೆ?" ಎಂದು ಸೈನ್ಸ್ ವಿಭಾಗದ ಗೆಳೆಯರು ನಗಬಹುದು. ರೋಬೊ ಓಡಿಸುವುದು ಭೌತಶಾಸ್ತ್ರ ಇರಬಹುದು, ಆದರೆ ರೋಬೊಗೆ ಬೇಕಾದ ಸಾಮಾನು ಕೊಳ್ಳುವುದು ಲೆಕ್ಕಶಾಸ್ತ್ರ. ಇರುವ ಹಣ ಎಷ್ಟು, ಅದರಿಂದ ಎಷ್ಟು ಜನರಿಗೆ ಎಷ್ಟು ದಿನ ಉಪಯೋಗ ಎಂದು ಕೇಳುವುದನ್ನು ನಮಗೆ ಪ್ರತಿದಿನ ತರಗತಿಯಲ್ಲಿ ಕಲಿಸುತ್ತಾರೆ. ಅದನ್ನೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಅಳತೆ, ಆಮೇಲೆ ಖರೀದಿ

ನಮ್ಮ ಬಳ್ಳಾರಿ ಕೋಟೆಯ ಕಥೆ ಎಲ್ಲರೂ ಕೇಳಿದ್ದೇವೆ. ಹೈದರ್ ಅಲಿ ಒಬ್ಬ ಫ್ರೆಂಚ್ ಎಂಜಿನಿಯರ್‌ನಿಂದ ಕೋಟೆ ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆ ಇರುವ ಗುಡ್ಡಕ್ಕಿಂತ ಎತ್ತರ. ಅಲ್ಲಿ ತೋಪು ಇಟ್ಟರೆ ಕೋಟೆಯ ಒಳಗೆಲ್ಲ ಗುರಿ ಸಿಗುತ್ತದೆ. ಸಿಟ್ಟಿನಿಂದ ಎಂಜಿನಿಯರ್‌ನನ್ನೇ ಗಲ್ಲಿಗೇರಿಸಿದ ಎಂದು ಹಿರಿಯರು ಹೇಳುತ್ತಾರೆ. ಕಥೆ ಎಷ್ಟರ ಮಟ್ಟಿಗೆ ನಿಜವೋ, ಪಾಠ ಮಾತ್ರ ನಿಜ: ಅಳತೆ ಮಾಡದೆ ಕಟ್ಟಬಾರದು.

ರೊಬೊಟಿಕ್ಸ್‌ನಲ್ಲಿ ಅಳತೆ ಎಂದರೆ ಸ್ಪರ್ಧೆಯ ನಿಯಮಾವಳಿ. ಪ್ರತಿ ಸ್ಪರ್ಧೆಯ ನಿಯಮ ಬೇರೆ. ಅಮೆರಿಕದ ಫಸ್ಟ್ ಸಂಸ್ಥೆ ನಡೆಸುವ ಫಸ್ಟ್ ಟೆಕ್ ಚಾಲೆಂಜ್ 7ರಿಂದ 12ನೇ ತರಗತಿಯವರಿಗೆ. ಒಂದು ತಂಡದಲ್ಲಿ 15 ಜನರಿಗಿಂತ ಹೆಚ್ಚು ಇರುವಂತಿಲ್ಲ, ಆಟದ ಆರಂಭದಲ್ಲಿ ರೋಬೊ 18 ಇಂಚು ಉದ್ದ, ಅಗಲ, ಎತ್ತರದ ಒಳಗೆ ಇರಬೇಕು. ಯಾವ ಕಂಟ್ರೋಲರ್, ಯಾವ ಮೋಟಾರ್, ಯಾವ ಬ್ಯಾಟರಿ ಎಂಬುದಕ್ಕೂ ಅಲ್ಲಿ ಪಟ್ಟಿ ಇದೆ. ಅಂಥ ಸ್ಪರ್ಧೆಗೆ ಹೋಗುವವರು ಆ ಪಟ್ಟಿಯಲ್ಲಿರುವುದನ್ನೇ ಕೊಳ್ಳಬೇಕು, ಬೇರೆ ದಾರಿ ಇಲ್ಲ. ವರ್ಲ್ಡ್ ರೋಬೊಟ್ ಒಲಿಂಪಿಯಾಡ್‌ನ ಫ್ಯೂಚರ್ ಎಂಜಿನಿಯರ್ಸ್ ವಿಭಾಗದಲ್ಲಿ ಹಾಗಿಲ್ಲ, ಯಾವ ಕಂಪನಿಯ ಬಿಡಿಭಾಗವನ್ನಾದರೂ ತಂಡ ಆರಿಸಿಕೊಳ್ಳಬಹುದು. ಎಂಜಿನಿಯರಿಂಗ್ ಕಾಲೇಜುಗಳ ಉತ್ಸವಗಳಲ್ಲಿ ಸಾಮಾನ್ಯವಾಗಿ ಇರುವುದು ಲೈನ್ ಫಾಲೋವರ್ ಮತ್ತು ಅಡೆತಡೆ ತಪ್ಪಿಸಿ ಓಡುವ ರೋಬೊ ಸ್ಪರ್ಧೆಗಳು.

ನಾವು ಮೊದಲ ವರ್ಷವೇ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಿಲ್ಲ. ನಮ್ಮ ಮುಂದಿರುವುದು ಕಪ್ಪು ಗೆರೆ ಹಿಡಿದು ಓಡುವ ರೋಬೊ. ಅದಕ್ಕೆ ಏನು ಬೇಕೋ ಅದನ್ನು ಕೊಳ್ಳೋಣ. ದೊಡ್ಡ ಕಿಟ್‌ನಲ್ಲಿರುವ ಅರ್ಧ ಸಾಮಾನನ್ನು ನಾವು ಈ ವರ್ಷ ಮುಟ್ಟುವುದೂ ಇಲ್ಲ.

ಪೆಟ್ಟಿಗೆಯ ಪರವಾಗಿ ಹೇಳಬಹುದಾದ ಮಾತು

ಪೆಟ್ಟಿಗೆ ಕಿಟ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದರ ಭಾಗಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆ. ವೈರ್ ಉಲ್ಟಾ ಹಾಕಲು ಆಗುವುದೇ ಇಲ್ಲ. ಪುಸ್ತಕ ನೋಡಿ ಎರಡು ಗಂಟೆಯಲ್ಲಿ ರೋಬೊ ಓಡಿಸಬಹುದು. ಪಿಯುಸಿಯಲ್ಲಿ ನಮಗೆ ಸಮಯವೇ ಇಲ್ಲ. ಸೈನ್ಸ್‌ನವರಿಗೆ ಸಿಇಟಿ, ನೀಟ್ ಕೋಚಿಂಗ್, ನಮಗೆ ಟ್ಯೂಷನ್. ಸಮಯ ಉಳಿಸುವ ವಸ್ತುವಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ತಪ್ಪಿಲ್ಲ ಎಂಬ ವಾದ ಸರಿಯಾದದ್ದೇ.

ಆದರೆ ಆ ಪೆಟ್ಟಿಗೆಯ ಇನ್ನೊಂದು ಮುಖವನ್ನೂ ನೋಡಬೇಕು. ಒಂದು ಕಂಪನಿಯ ಕಿಟ್ ಕೊಂಡರೆ ಆ ಕಂಪನಿಯ ಜೊತೆ ನಿಕಾಹ್ ಆದ ಹಾಗೆ. ಫಸ್ಟ್ ಟೆಕ್ ಚಾಲೆಂಜ್ ತಂಡಗಳು ಹೆಚ್ಚು ಬಳಸುವ ಎರಡು ಕಿಟ್‌ಗಳನ್ನೇ ನೋಡಿ. ರೆವ್ ಕಂಪನಿಯದು 15 ಮಿಲಿಮೀಟರ್ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನಿಂತಿದೆ, ಗೋಬಿಲ್ಡಾದು 8 ಮಿಲಿಮೀಟರ್ ಅಂತರದ ರಂಧ್ರಗಳ ಮೇಲೆ. ಒಂದರ ಭಾಗ ಇನ್ನೊಂದಕ್ಕೆ ನೇರವಾಗಿ ಕೂರುವುದಿಲ್ಲ. ಒಂದು ಕಂಪನಿಯ ಮಿಕ್ಸಿಗೆ ಇನ್ನೊಂದು ಕಂಪನಿಯ ಜಾರ್ ಕೂರದ ಹಾಗೆ. ಇಂದು ಕೊಂಡ ಪೆಟ್ಟಿಗೆ ನಾಳೆ, ನಾಡಿದ್ದು, ಮುಂದಿನ ವರ್ಷ ಏನು ಕೊಳ್ಳಬೇಕು ಎಂಬುದನ್ನೂ ತೀರ್ಮಾನಿಸಿಬಿಡುತ್ತದೆ.

ಕಂಪನಿ ಮನಸ್ಸು ಬದಲಾಯಿಸಿದರೆ ಏನು ಗತಿ? ಲೆಗೊ ಕಂಪನಿಯ ಮೈಂಡ್‌ಸ್ಟಾರ್ಮ್ಸ್ ಎಂಬ ರೋಬೊ ಕಿಟ್ 1998ರಲ್ಲಿ ಬಂತು. ಜಗತ್ತಿನಾದ್ಯಂತ ಎಷ್ಟೋ ಶಾಲೆಗಳ ಮಕ್ಕಳು ಅದರಿಂದಲೇ ರೊಬೊಟಿಕ್ಸ್ ಕಲಿತರು. 2022ರ ಕೊನೆಗೆ ಕಂಪನಿ ಅದನ್ನು ನಿಲ್ಲಿಸಿತು. ಇಪ್ಪತ್ತನಾಲ್ಕು ವರ್ಷ ನಡೆದ ವಸ್ತುವೇ ನಿಲ್ಲುವುದಾದರೆ, ನಾವು ಒಂದು ಹೆಸರಿನ ಮೇಲೆ ಇಡೀ ಹಣ ಹಾಕುವುದು ಜಾಣತನವಲ್ಲ.

ನಮ್ಮ ಊರಿನ ಜೀನ್ಸ್ ಘಟಕಗಳವರಿಗೆ ಇದು ಚೆನ್ನಾಗಿ ಗೊತ್ತು. ನಮ್ಮ ಮಾಮೂ ಅಂಥ ಒಂದು ಘಟಕದಲ್ಲಿ ಕೆಲಸ ಮಾಡುತ್ತಾರೆ. ಹೊಸ ಹೊಲಿಗೆ ಯಂತ್ರ ತರುವ ಮೊದಲು ಅಲ್ಲಿ ಕೇಳುವ ಪ್ರಶ್ನೆ ಯಂತ್ರ ಎಷ್ಟು ವೇಗ ಓಡುತ್ತದೆ ಎಂಬುದಲ್ಲ. "ಇದರ ಸೂಜಿ, ಬಾಬಿನ್ ಬಳ್ಳಾರಿಯಲ್ಲಿ ಸಿಗುತ್ತಾ? ರಿಪೇರಿ ಮಾಡುವವರು ಇದ್ದಾರಾ?" ಎಂಬುದೇ ಮೊದಲ ಪ್ರಶ್ನೆ. ಆರ್ಡರ್ ಕೊಡುವ ದಿನ ಯಂತ್ರ ನಿಂತರೆ ಬ್ರ್ಯಾಂಡ್ ಹೆಸರು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ರೋಬೊಗೂ ಇದೇ ಪ್ರಶ್ನೆ ಕೇಳೋಣ.

ಏನು ಕೊಳ್ಳಬೇಕು

ಮೆದುಳಿಗೆ ಆರ್ಡುಯಿನೊ ಯುನೊ ಬೋರ್ಡ್ ಸಾಕು. ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ್ದು. ಅದರ ನಕ್ಷೆ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ಅದೇ ಬೋರ್ಡ್ ತಯಾರಿಸಬಹುದು. ಹೆಸರು ಮಾತ್ರ ಅವರ ಸ್ವತ್ತು. ಆದ್ದರಿಂದ ಬೇರೆಯವರು ತಮ್ಮ ಹೆಸರಿನಲ್ಲಿ ತಯಾರಿಸಿದ ಬೋರ್ಡ್ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನು ಕೊಳ್ಳುವುದು ಕಳ್ಳಮಾಲು ಕೊಂಡಂತೆ ಅಲ್ಲ. ಇಂಥ ಬೋರ್ಡ್‌ಗಳಲ್ಲಿ ಹಲವಕ್ಕೆ ಸಿಎಚ್340 ಎಂಬ ಚಿಪ್ ಇರುತ್ತದೆ. ಲ್ಯಾಬಿನ ಕಂಪ್ಯೂಟರ್ ಬೋರ್ಡನ್ನು ಗುರುತಿಸದಿದ್ದರೆ ಅದರ ಡ್ರೈವರ್ ಸಾಫ್ಟ್‌ವೇರ್ ಹಾಕಬೇಕು, ಅಷ್ಟೇ.

ಯುನೊದಲ್ಲಿ 14 ಡಿಜಿಟಲ್ ಪಿನ್, 6 ಅನಲಾಗ್ ಪಿನ್ ಇವೆ. ನಮಗೆ ಸಾಲುತ್ತದೆಯೇ? ಲೆಕ್ಕ ಹಾಕೋಣ. ಎರಡು ಮೋಟಾರಿನ ಡ್ರೈವರ್‌ಗೆ 6, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್‌ಗೆ 2, ಒಂದು ಸರ್ವೊ ಮೋಟಾರಿಗೆ 1, ಗೆರೆ ನೋಡುವ ಮೂರು ಐಆರ್ ಸೆನ್ಸರ್‌ಗೆ 3. ಒಟ್ಟು 12. ಕಂಪ್ಯೂಟರ್ ಜೊತೆ ಮಾತಾಡಲು ಬೇಕಾದ ಎರಡು ಪಿನ್ ಬಿಟ್ಟರೂ ಸರಿಹೋಗುತ್ತದೆ, ಅನಲಾಗ್ ಪಿನ್ ಆರೂ ಮುಂದಿನ ವರ್ಷಕ್ಕೆ ಉಳಿಯುತ್ತವೆ. ಕೊಳ್ಳುವ ಮುಂಚೆ ಹೀಗೆ ಪಿನ್ ಎಣಿಸಿದರೆ ದೊಡ್ಡ ಬೋರ್ಡ್‌ಗೆ ಹಣ ಸುರಿಯುವ ಅಗತ್ಯ ಬರುವುದಿಲ್ಲ.

ಚಕ್ರಕ್ಕೆ ಹಳದಿ ಬಣ್ಣದ ಬಿಒ ಮೋಟಾರ್. 3ರಿಂದ 6 ವೋಲ್ಟ್‌ನಲ್ಲಿ ಓಡುತ್ತದೆ, ಒಳಗೆ ಪ್ಲಾಸ್ಟಿಕ್ ಗೇರ್ ಇರುತ್ತದೆ. ಬೋರ್ಡ್‌ನ ಪಿನ್ ನೇರವಾಗಿ ಮೋಟಾರ್ ತಿರುಗಿಸುವಷ್ಟು ಕರೆಂಟ್ ಕೊಡಲಾರದು, ಹಾಗಾಗಿ ನಡುವೆ ಎಲ್298ಎನ್ ಎಂಬ ಮೋಟಾರ್ ಡ್ರೈವರ್ ಬೇಕು. ಇದು ಹಳೆಯ ಮಾದರಿಯದು, ಸುಮಾರು 2 ವೋಲ್ಟ್ ತಾನೇ ತಿಂದುಬಿಡುತ್ತದೆ. ಈ ಒಂದು ವಿಷಯ ಗೊತ್ತಿಲ್ಲದೆ ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ 6 ವೋಲ್ಟ್‌ನಲ್ಲಿ ಮೋಟಾರಿಗೆ ಸಿಗುವುದು 4 ಮಾತ್ರ, ರೋಬೊ ತೆವಳುತ್ತದೆ.

ಹೊಸ ತಂಡಗಳು ಅತಿ ಹೆಚ್ಚು ಎಡವುವುದು ಬ್ಯಾಟರಿಯಲ್ಲಿ. ಅಂಗಡಿಯಲ್ಲಿ ಸುಲಭವಾಗಿ ಸಿಗುವ 9 ವೋಲ್ಟ್‌ನ ಚೌಕ ಬ್ಯಾಟರಿ ನೋಡಿ ಒಂಬತ್ತು ಎಂದರೆ ಜಾಸ್ತಿ ಶಕ್ತಿ ಎಂದುಕೊಳ್ಳುತ್ತಾರೆ. ಅದರಲ್ಲಿ ವೋಲ್ಟ್ ಇದೆ, ಮೋಟಾರಿಗೆ ಬೇಕಾದಷ್ಟು ಕರೆಂಟ್ ಕೊಡುವ ತಾಕತ್ತು ಇಲ್ಲ. ಮೋಟಾರ್ ಎಳೆದ ಕೂಡಲೇ ವೋಲ್ಟೇಜ್ ಕುಸಿದು ಬೋರ್ಡ್ ರೀಸೆಟ್ ಆಗುತ್ತದೆ, ಮಕ್ಕಳು ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಅದರ ಬದಲು 18650 ಎಂಬ ಲಿಥಿಯಂ ಸೆಲ್ ಎರಡನ್ನು ಸಾಲಾಗಿ ಜೋಡಿಸಿದರೆ 7.4 ವೋಲ್ಟ್ ಆಗುತ್ತದೆ. ಡ್ರೈವರ್ ತಿಂದದ್ದು ಕಳೆದರೂ ಮೋಟಾರಿಗೆ ಐದು ವೋಲ್ಟ್‌ಗಿಂತ ಮೇಲೆ ಸಿಗುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡಬಹುದು. ಆದರೆ ಇಲ್ಲಿ ಜಿಪುಣತನ ಬೇಡ. ಒಳ್ಳೆಯ ಸೆಲ್, ಸರಿಯಾದ ಚಾರ್ಜರ್, ಗಟ್ಟಿ ಹೋಲ್ಡರ್, ನಡುವೆ ಒಂದು ಸ್ವಿಚ್ ಬೇಕೇ ಬೇಕು. ಲಿಥಿಯಂ ಸೆಲ್‌ನ ಎರಡು ತುದಿ ಒಂದಕ್ಕೊಂದು ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಚಾರ್ಜಿಂಗ್ ಲ್ಯಾಬಿನಲ್ಲಿ, ದೊಡ್ಡವರ ಕಣ್ಣೆದುರು ಮಾತ್ರ ನಡೆಯಬೇಕು.

ಗೆರೆ ನೋಡಲು ಐಆರ್ ಸೆನ್ಸರ್. ಬಿಳಿ ನೆಲ ಅವಕೆಂಪು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ, ಕಪ್ಪು ಗೆರೆ ನುಂಗುತ್ತದೆ. ಅದೇ ಅದರ ಗುಟ್ಟು. ಬಿಸಿಲಿನಲ್ಲೂ ಅದೇ ಅವಕೆಂಪು ಬೆಳಕು ತುಂಬಿರುವುದರಿಂದ ನಮ್ಮ ಬಳ್ಳಾರಿಯ ಬಿಸಿಲು ಕಿಟಕಿಯಿಂದ ಬಿದ್ದರೆ ಸಾಕು, ಸೆನ್ಸರ್‌ಗೆ ಗೆರೆ ಕಾಣುವುದಿಲ್ಲ. ಹಾಗಾಗಿ ತಿರುಪು ತಿರುಗಿಸಿ ಸೂಕ್ಷ್ಮತೆ ಹೊಂದಿಸಬಹುದಾದ ಸೆನ್ಸರನ್ನೇ ಕೊಳ್ಳಬೇಕು, ಅದರ ಸುತ್ತ ಕಪ್ಪು ಕಾಗದದ ಮರೆ ಕಟ್ಟಬೇಕು.

ಉಳಿದದ್ದೆಲ್ಲ ಊರಿನಲ್ಲೇ ಇದೆ. ಅಭ್ಯಾಸದ ಟ್ರ್ಯಾಕ್‌ಗೆ ಹಳೆಯ ಫ್ಲೆಕ್ಸ್‌ನ ಬಿಳಿ ಬೆನ್ನು ಮತ್ತು ಕಪ್ಪು ಇನ್ಸುಲೇಷನ್ ಟೇಪ್. ಕೆಳಗಿನ ತಟ್ಟೆಗೆ ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಉಳಿದ ಆಕ್ರಿಲಿಕ್ ತುಂಡು. ಬೆಸುಗೆ ಕಲಿಯಲು ಮೊಬೈಲ್ ರಿಪೇರಿ ಮಾಡುವ ಅಣ್ಣಂದಿರಿಗಿಂತ ಒಳ್ಳೆಯ ಗುರುಗಳು ಯಾವ ಕೋಚಿಂಗ್ ಸೆಂಟರಿನಲ್ಲೂ ಸಿಗುವುದಿಲ್ಲ.

ಹಣದ ಲೆಕ್ಕ

ನನ್ನ ಅಂದಾಜು ಇಲ್ಲಿದೆ. ಬೆಲೆ ಅಂಗಡಿಯಿಂದ ಅಂಗಡಿಗೆ ಸ್ವಲ್ಪ ಆಚೀಚೆ ಆಗುತ್ತದೆ. ಒಂದು ಸೆಟ್‌ಗೆ ಬೋರ್ಡ್ 500, ಡ್ರೈವರ್ 200, ಎರಡು ಮೋಟಾರ್, ಚಕ್ರ, ಮುಂದಿನ ಉರುಳು ಚಕ್ರ ಸೇರಿ 250, ಐಆರ್ ಸೆನ್ಸರ್ 150, ಅಲ್ಟ್ರಾಸಾನಿಕ್ 100, ಸರ್ವೊ 150, ಸೆಲ್ ಮತ್ತು ಹೋಲ್ಡರ್ 400, ಚಾರ್ಜರ್ 300, ಬ್ರೆಡ್‌ಬೋರ್ಡ್ ಮತ್ತು ಜಂಪರ್ ವೈರ್ 250, ತಟ್ಟೆ, ಸ್ಕ್ರೂ ಇತ್ಯಾದಿ 300. ಒಟ್ಟು 2,600 ರೂಪಾಯಿ. ಮೂರು ಸೆಟ್‌ಗೆ 7,800. ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸ್ಕ್ರೂಡ್ರೈವರ್ ಸೆಟ್, ಗ್ಲೂ ಗನ್ ಸೇರಿ 1,100. ಹೆಚ್ಚುವರಿ ಭಾಗಗಳಿಗೆ 1,500. ಎಲ್ಲ ಸೇರಿ 10,400.

ಹೆಚ್ಚುವರಿ ಭಾಗ ಯಾಕೆ ಎಂದು ಕೇಳಬೇಡಿ. ಮೊದಲು ಸಾಯುವುದು ಯಾವುದು ಎಂದು ಮುಂಚೆಯೇ ಗೊತ್ತು: ಮೋಟಾರಿನ ತೆಳು ತಾಮ್ರದ ಕಿವಿ ಮುರಿಯುತ್ತದೆ, ಪ್ಲಾಸ್ಟಿಕ್ ಗೇರ್ ಹಲ್ಲು ಉದುರುತ್ತದೆ, ಪ್ಲಸ್ ಮೈನಸ್ ಉಲ್ಟಾ ಹಾಕಿದರೆ ಡ್ರೈವರ್ ಸುಡುತ್ತದೆ, ಜಂಪರ್ ವೈರ್ ಸಡಿಲವಾಗುತ್ತದೆ. ನಾಲ್ಕು ಮೋಟಾರ್, ಎರಡು ಡ್ರೈವರ್, ಒಂದು ಬೋರ್ಡ್, ಒಂದಿಷ್ಟು ವೈರ್, ಸ್ವಿಚ್ ಇದ್ದರೆ ಸ್ಪರ್ಧೆಯ ದಿನ ಅಳುವ ಪ್ರಸಂಗ ಬರುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ಹೆಸರುವಾಸಿ ಕಂಪನಿಯ ಕಿಟ್‌ಗೆ ಹತ್ತಾರು ಸಾವಿರ ಆಗುತ್ತದೆ. ಉದಾಹರಣೆಗೆ 40,000 ಎಂದಿಟ್ಟುಕೊಳ್ಳಿ, ಆಯುಷ್ಯ ಐದು ವರ್ಷ. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷಕ್ಕೆ 8,000 ರೂಪಾಯಿ ಸವಕಳಿ. ಕಿಟ್ ಓಡಿದರೂ 8,000, ಬೀರುವಿನಲ್ಲಿ ಮಲಗಿದರೂ 8,000. ಅದೂ ಒಂದೇ ರೋಬೊಗೆ. ಒಂದು ರೋಬೊ ಸುತ್ತ ನಾಲ್ಕೈದು ಜನ ಕೈ ಹಾಕಬಹುದು, ಉಳಿದವರು ಹಿಂದೆ ನಿಂತು ಕತ್ತು ಚಾಚಬೇಕು. ಮೂರು ಸೆಟ್ ಇದ್ದರೆ ಐದೈದು ಜನರ ಮೂರು ಗುಂಪು, 15 ಜನರ ಕೈಗೆ ಕೆಲಸ. ಮೂರೂ ಗುಂಪು ತಮ್ಮ ತಮ್ಮಲ್ಲೇ ಸ್ಪರ್ಧಿಸಿದರೆ ಹೊರಗಿನ ಸ್ಪರ್ಧೆಗೆ ಹೋಗುವ ತಂಡ ತಾನಾಗಿ ತಯಾರಾಗುತ್ತದೆ.

ಸರ್ಕಾರದ ಯೋಜನೆಯಲ್ಲೂ ಒಂದು ಪಾಠ ಇದೆ. 2016ರಲ್ಲಿ ನೀತಿ ಆಯೋಗದ ಅಟಲ್ ಇನೊವೇಷನ್ ಮಿಷನ್ ಶುರುವಾಯಿತು. ಅದರ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗೆ 20 ಲಕ್ಷ ರೂಪಾಯಿ ಅನುದಾನ. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಲು, ಇನ್ನು 10 ಲಕ್ಷ ಐದು ವರ್ಷ ನಡೆಸಲು. ಅಂದರೆ ಅರ್ಧ ಹಣ ಕೊಳ್ಳಲು, ಅರ್ಧ ಹಣ ನಡೆಸಲು. ನಾವು ಇರುವುದನ್ನೆಲ್ಲ ಮೊದಲ ದಿನವೇ ಪೆಟ್ಟಿಗೆಗೆ ಸುರಿದರೆ ಎರಡನೇ ತಿಂಗಳು ಒಂದು ಮೋಟಾರ್ ತರಲು ಮತ್ತೆ ಅರ್ಜಿ ಬರೆಯುತ್ತಾ ಕೂರಬೇಕು.

ಬೀಗದ ಕೈ ಯಾರ ಹತ್ತಿರ?

ನನ್ನ ಮಟ್ಟಿಗೆ ದೊಡ್ಡ ಪ್ರಶ್ನೆ ಇದು. ದುಬಾರಿ ವಸ್ತು ಬಂದ ಕೂಡಲೇ ಅದಕ್ಕೆ ಬೀಗ ಬೀಳುತ್ತದೆ. ಅದು ಯಾರ ತಪ್ಪೂ ಅಲ್ಲ, ಕಳೆದರೆ ಉತ್ತರ ಕೊಡಬೇಕಾದ ಉಪನ್ಯಾಸಕರು ಬೀಗ ಹಾಕಲೇಬೇಕು. ಆದರೆ ಹೆದರುತ್ತಾ ಮುಟ್ಟಿದರೆ ಯಾರೂ ಏನೂ ಕಲಿಯುವುದಿಲ್ಲ. 2,600 ರೂಪಾಯಿಯ ಸೆಟ್ ಆದರೆ ಪುಸ್ತಕದಂತೆ ರಿಜಿಸ್ಟರಿನಲ್ಲಿ ಸಹಿ ಹಾಕಿಸಿ, ಸೆಲ್‌ಗಳನ್ನು ಲ್ಯಾಬಿನಲ್ಲೇ ಇಟ್ಟುಕೊಂಡು, ಉಳಿದದ್ದನ್ನು ಶನಿವಾರ ಮನೆಗೆ ಕಳಿಸಬಹುದು. ಪ್ರೋಗ್ರಾಂ ಬರೆದು ಸೆನ್ಸರ್ ಪರೀಕ್ಷಿಸಲು ಕಂಪ್ಯೂಟರಿನ ಯುಎಸ್‌ಬಿ ವೈರೇ ಸಾಕು. ನಮ್ಮ ಕಾಲೇಜಿನ ಎಷ್ಟೋ ಹುಡುಗಿಯರು ಸಂಜೆ ತಡವಾಗಿ ಉಳಿಯಲು ಆಗುವುದಿಲ್ಲ. ಸಿರುಗುಪ್ಪ, ಕುರುಗೋಡು ಕಡೆಯಿಂದ ಬರುವವರು ಬಸ್ ಹಿಡಿಯಬೇಕು. ಸಂಜೆ ಐದರ ಮೇಲೆ ಮಾತ್ರ ತೆರೆಯುವ ಬೀರು ಅವರ ಪಾಲಿಗೆ ಇಲ್ಲದ ಬೀರುವೇ. ಮನೆಗೆ ಹೋಗಬಲ್ಲ ಸೆಟ್ ಅವರನ್ನೂ ತಂಡಕ್ಕೆ ಸೇರಿಸುತ್ತದೆ.

ಅಫ್ಘಾನಿಸ್ತಾನದ ಹೆರಾತ್‌ನ ಹುಡುಗಿಯರನ್ನು ನೆನಪಿಸಿಕೊಳ್ಳಿ. 2017ರಲ್ಲಿ ವಾಷಿಂಗ್ಟನ್‌ನಲ್ಲಿ ಫಸ್ಟ್ ಗ್ಲೋಬಲ್ ಎಂಬ ಮೊದಲ ಸ್ಪರ್ಧೆ ನಡೆಯಿತು. ಎಲ್ಲ ದೇಶಗಳ ತಂಡಗಳಿಗೂ ಒಂದೇ ರೀತಿಯ ಕಿಟ್. ಇವರ ಕಿಟ್ ಕಸ್ಟಮ್ಸ್‌ನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿತು, ವೀಸಾ ಎರಡು ಸಲ ತಿರಸ್ಕೃತವಾಯಿತು. ಕೈಗೆ ಸಿಕ್ಕ ಸಾಮಾನಿನಲ್ಲೇ ಕಲಿಯುತ್ತಾ ಇದ್ದರು. ಕೊನೆಗೂ ಹೋಗಿ ಧೈರ್ಯದ ಸಾಧನೆಗಾಗಿ ಬೆಳ್ಳಿ ಪದಕ ತಂದರು. 2020ರಲ್ಲಿ ಕೊರೊನಾ ಬಂದಾಗ ಹೆರಾತ್‌ನ ಅದೇ ತಂಡದ ಹುಡುಗಿಯರು ಹಳೆಯ ಟೊಯೊಟಾ ಕೊರೊಲ್ಲಾ ಕಾರಿನ ಭಾಗಗಳಿಂದ ಕಡಿಮೆ ಬೆಲೆಯ ವೆಂಟಿಲೇಟರ್ ಮಾದರಿ ತಯಾರಿಸಿದರು. ಪೆಟ್ಟಿಗೆ ಬರುವವರೆಗೂ ಕೈಕಟ್ಟಿ ಕೂತಿದ್ದರೆ ಇದು ಆಗುತ್ತಿತ್ತೇ?

ಅಮಾನತ್ ಮತ್ತು ಅಮಾನತು

ಮನೆಯಲ್ಲಿ ನಾವು ಉರ್ದು ಮಾತಾಡುತ್ತೇವೆ. ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು, ಅದಕ್ಕೆ ನಾಳೆ ಲೆಕ್ಕ ಕೊಡಬೇಕು. ಕನ್ನಡ ಪತ್ರಿಕೆಗಳಲ್ಲಿ ಅಮಾನತು ಎಂದರೆ ಕೆಲಸದಿಂದ ತೆಗೆದು ಸುಮ್ಮನೆ ಕೂರಿಸುವುದು. ಸಮಾಜದವರು ನಂಬಿಕೆಯಿಂದ ಕೊಟ್ಟ ಹಣದಲ್ಲಿ ಬರುವ ಕಿಟ್ ನಮಗೆ ಅಮಾನತ್ ಆಗಬೇಕು, ಅಮಾನತು ಆಗಬಾರದು.

ಅದಕ್ಕೆ ನನ್ನ ಸಲಹೆ ಇಷ್ಟು. ಒಂದು, ಸ್ಪರ್ಧೆಯ ನಿಯಮಾವಳಿಯನ್ನು ಪ್ರಿಂಟ್ ತೆಗೆದು ನೋಟಿಸ್ ಬೋರ್ಡಿಗೆ ಹಾಕಿ, ಅದನ್ನು ಓದಿದ ಮೇಲೆಯೇ ಪಟ್ಟಿ ಮಾಡೋಣ. ಎರಡು, ಸೈನ್ಸ್‌ನವರು ಪಟ್ಟಿ ಬರೆಯಲಿ, ಕಾಮರ್ಸ್‌ನವರು ಮೂರು ಕೊಟೇಷನ್ ತರಲಿ. ಬಳ್ಳಾರಿಯಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಇದೆ, ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ತಲುಪಬಹುದು. ನಮ್ಮ ಸರ್ ಒಬ್ಬರು ಜೊತೆಗೆ ಬಂದರೆ ಸಾಕು. ಅಲ್ಲಿ ಚೌಕಾಸಿ ಮಾಡೋಣ, ಆದರೆ ಜಿಎಸ್‌ಟಿ ಬಿಲ್ ಬಿಟ್ಟು ಬರಬಾರದು. ಮೂರು, ಪ್ರತಿ ಭಾಗಕ್ಕೂ ಸ್ಟಾಕ್ ರಿಜಿಸ್ಟರ್ ಇರಲಿ. ಸುಟ್ಟದ್ದು, ಮುರಿದದ್ದು ಬರೆಯಲು ಅದರಲ್ಲಿ ಒಂದು ಕಾಲಂ ಇರಲಿ, ಬರೆದವರಿಗೆ ಬೈಗುಳ ಇರಬಾರದು. ನಾಲ್ಕು, ವರ್ಷದ ಕೊನೆಗೆ ಆ ರಿಜಿಸ್ಟರನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸೋಣ.

ಮುಂದಿನ ವರ್ಷ ನಮ್ಮ ಜೂನಿಯರ್‌ಗಳಿಗೆ ದೊಡ್ಡ ಕಿಟ್ ಬೇಕೆನಿಸಿದರೆ ಖಂಡಿತ ಕೊಳ್ಳಲಿ. ಆಗ ಅವರಿಗೆ ಪೆಟ್ಟಿಗೆಯ ಒಳಗೆ ಏನಿದೆ, ಯಾವುದಕ್ಕೆ ಎಷ್ಟು ಬೆಲೆ ಎಂದು ಗೊತ್ತಿರುತ್ತದೆ. ಗೊತ್ತಿದ್ದು ಕೊಳ್ಳುವವರನ್ನು ಯಾವ ಅಂಗಡಿಯವರೂ ಏಮಾರಿಸಲಾರರು. ಪಟ್ಟಿಯ ಮೊದಲ ಪ್ರತಿಯನ್ನು ನಾನು ಬರೆದಿಟ್ಟಿದ್ದೇನೆ. ತಿದ್ದಲು ಮನಸ್ಸಿದ್ದವರು ಊಟದ ಬಿಡುವಿನಲ್ಲಿ ಕಾಮರ್ಸ್ ವಿಭಾಗಕ್ಕೆ ಬನ್ನಿ, ಪೆನ್ನು ತನ್ನಿ.